ಹೆಂಚಿನ ಮೇಲೆ ಬೀಳುವ ಕಲ್ಲು

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಕೈಗೆ ಕೊಡಬಾರದಂತೆ. ಹೀಗೆಂದವರು ಗಂಡಸರಲ್ಲ, ನನ್ನ ವಿದ್ಯಾರ್ಥಿನಿಯರ ತಾಯಂದಿರು. “ಅದರಲ್ಲಿ ಗೌಡರ ಹುಡುಗಿ ಸಾಬರ ಹುಡುಗನ್ನ ಇಷ್ಟಪಡ್ತಾಳಂತಲ್ಲ ಟೀಚರ್, ನಮ್ಮ ಮಕ್ಕಳಿಗ್ಯಾಕೆ ಅದೆಲ್ಲ?” ಎನ್ನುತ್ತಾರೆ. ಅದೇ ಮನೆಗಳಲ್ಲಿ ಸಂಜೆಯಾದರೆ ಟಿ.ವಿ.ಯಲ್ಲಿ ನಾಗಿಣಿ ಬುಸುಗುಟ್ಟುತ್ತಾಳೆ, ಸೊಸೆಯ ಮೈಮೇಲೆ ಸತ್ತ ಸವತಿ ಬರುತ್ತಾಳೆ. ಅದನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡುತ್ತೇವೆ. ಯಂಡಮೂರಿಯವರ ‘ತುಳಸೀದಳ’ ಕನ್ನಡಕ್ಕೆ ಬಂದಾಗಲೂ ಅಷ್ಟೆ, ಹೆದರಿ ಹೆದರಿ ಓದಿದೆವು, ಮುಚ್ಚಿಡಲಿಲ್ಲ. ಮಾಟ ನಿಜವೆಂದು ನಂಬಿಸುವ ಪುಸ್ತಕಕ್ಕೆ ನಮ್ಮ ತಕರಾರಿಲ್ಲ. ಮಾಟದ ಮಾತನ್ನು ಎತ್ತುವವರು ಯಾರು ಎಂದು ಕೇಳುವ ಪುಸ್ತಕ ಮಾತ್ರ ಅಪಾಯ!

1985ರಲ್ಲಿ ಬಂದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಪುಸ್ತಕವೆಂದರೆ ಆಕಳಿಕೆ ಎಂದುಕೊಳ್ಳುವವರು ಇದನ್ನು ಒಮ್ಮೆ ಹಿಡಿದು ನೋಡಲಿ, ಒಲೆಯ ಮೇಲಿನ ಹಾಲು ಉಕ್ಕಿಹೋದೀತು. ಮಲೆನಾಡಿನ ಕೆಸರೂರು. ಏಲಕ್ಕಿ ತೋಟಗಳು ಹಾಳಾಗುತ್ತಿವೆ. ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವು ಹೇಗಾಯಿತೆಂದು ತಿಳಿಯದು. ವಿಚಾರಣೆಗೆ ಅಂಗಡಿ ಎಂಬ ಅಧಿಕಾರಿ ಬರುತ್ತಾರೆ. ಇತ್ತ ಕೃಷ್ಣೇಗೌಡರ ಮನೆಯ ಮೇಲೆ ರಾತ್ರಿ ಕಲ್ಲು ಬೀಳುತ್ತದೆ.

ಈ ಕಲ್ಲಿನ ವಿಷಯ ನಮಗೆ ಹೊಸದೇ? ಕರಾವಳಿಯ ಅಜ್ಜಿಯರನ್ನು ಕೇಳಿ, ಕುಟ್ಟಿಚಾತನ ಕಾಟ ಎಂದುಬಿಡುತ್ತಾರೆ. ಕುಟ್ಟಿಚಾತನ ಕತೆಗೆ ಅದರದೇ ಸೊಗಸಿದೆ, ನಾನೂ ಕಿವಿಯಗಲಿಸಿ ಕೇಳಿದವಳೇ. ಆದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಾಗ, ಯಾರು ಮಾಡಿಸಿದರು ಎಂಬ ಪ್ರಶ್ನೆ ಬರುತ್ತದೆ. ಬೆರಳು ಹೋಗುವುದು ಒಂಟಿ ಹೆಂಗಸಿನ ಕಡೆಗೆ, ಮಕ್ಕಳಿಲ್ಲದವಳ ಕಡೆಗೆ, ಇಲ್ಲವೇ ಬೇರೆ ಧರ್ಮದವರ ಓಣಿಯ ಕಡೆಗೆ. ಶ್ರೀಮಂತರ ಮನೆಯತ್ತ ಆ ಬೆರಳು ತಿರುಗಿದ್ದನ್ನು ನಾನು ಕಾಣೆ. ತೇಜಸ್ವಿ ಹಿಡಿದಿರುವುದು ಈ ಬೆರಳನ್ನೇ. ಭೂತದ ಭಯ, ಧರ್ಮದ ರೋಷ ಎರಡೂ ಒಂದೇ ಗಾಳಿಮಾತಿನ ಮೇಲೆ ಸವಾರಿ ಮಾಡುವುದನ್ನು ಅವರು ನಗಿಸುತ್ತಲೇ ತೋರಿಸುತ್ತಾರೆ. ಆ ಗಾಳಿಗೆ ಸಿಕ್ಕಿದವರು ಜಯಂತಿ ಮತ್ತು ರಫಿ, ಇನ್ನೂ ಮೀಸೆ ಚಿಗುರುವ, ಜಡೆ ಹೆಣೆಯುವ ವಯಸ್ಸಿನವರು.

ನನಗೂ ಈ ಪುಸ್ತಕದ ಮೇಲೆ ಮುನಿಸಿದೆ. ಜಯಂತಿಯ ಮನಸ್ಸಿನೊಳಗೆ ತೇಜಸ್ವಿ ಇನ್ನಷ್ಟು ಹೊತ್ತು ಕೂರಬೇಕಿತ್ತು. ಗಂಡಸರ ಚರ್ಚೆ, ಕ್ರಾಂತಿಯ ಮಾತುಗಳಿಗೆ ಸಿಕ್ಕಷ್ಟು ಜಾಗ ಅವಳಿಗೆ ಸಿಕ್ಕಿಲ್ಲ. ಆದರೆ ತಾಯಂದಿರ ತಕರಾರು ಇದಲ್ಲ. ಅವರಿಗೆ ಅವಳು ಇರುವುದೇ ತಪ್ಪು.

ಓದಿದರೆ ಹುಡುಗಿಯರು ಕೆಡುತ್ತಾರೆಂದು ಹೇಳುತ್ತೀರಿ. ಕಾದಂಬರಿಯ ಕೊನೆಯನ್ನಾದರೂ ಓದಿ ಹೇಳಿ. ಊರು ಊರೇ ಪರಸ್ಪರರ ಮೇಲೆ ಕತ್ತಿ ಮಸೆಯುತ್ತಿರುವಾಗ ಒಣಗಿದ ಲಂಟಾನದ ಪೊದೆಗಳಿಗೆ ಹತ್ತಿದ ಕಾಡಿನ ಬೆಂಕಿ ಕೆಸರೂರನ್ನು ಸುತ್ತುವರಿಯುತ್ತದೆ. ಅದು ಗೌಡರ ಮನೆ ಯಾವುದು, ಬ್ಯಾರಿಯ ಮನೆ ಯಾವುದು ಎಂದು ಕೇಳಿಕೊಂಡು ಬರುವುದಿಲ್ಲ.

ಪುಸ್ತಕ ನಮ್ಮ ಶಾಲೆಯ ಕಪಾಟಿನಲ್ಲೇ ಇದೆ. ಬೀಗದ ಕೈ ನನ್ನ ಹತ್ತಿರವಿದೆ. ಕೇಳಿದ ಹುಡುಗಿಗೆ ಕೊಡುತ್ತೇನೆ. ಅವಳ ತಾಯಿ ಬಂದರೆ ಅವರಿಗೂ ಒಂದು ಪ್ರತಿ ತರಿಸಿಟ್ಟಿದ್ದೇನೆ.