ಮೀನುಗಳ ಸುಂಟರಗಾಳಿ

ಕಪ್ಪು ಉಡುಪಿನ ಮನುಷ್ಯನೊಬ್ಬ ನೀಲಿ ನೀರಿನಲ್ಲಿ ತೇಲುತ್ತಿದ್ದಾನೆ. ಅವನೆದುರು ಸಾವಿರಾರು ಮೀನುಗಳು ಸುರುಳಿ ಸುತ್ತಿಕೊಂಡು ದೇವಸ್ಥಾನದ ಗೋಪುರದ ಹಾಗೆ ಎದ್ದು ನಿಂತಿವೆ. ಗೋಪುರದ ಮುಂದೆ ಆತ ಪುಟ್ಟ ಮಗುವಿನಂತೆ ಕಾಣುತ್ತಾನೆ.

ಮಕ್ಕಳೇ, ಈ ಚಿತ್ರವನ್ನು 2012ರಲ್ಲಿ ತೆಗೆದವರು ಆಕ್ಟಾವಿಯೋ ಅಬುರ್ಟೊ ಎಂಬ ಮೆಕ್ಸಿಕೋದ ಕಡಲ ವಿಜ್ಞಾನಿ. ಸ್ಥಳ ಕಾಬೊ ಪುಲ್ಮೊ. ಭೂಪಟದಲ್ಲಿ ಮೆಕ್ಸಿಕೋದ ಪಶ್ಚಿಮಕ್ಕೆ ಬಾಲದಂತೆ ಇಳಿಬಿದ್ದ ಒಂದು ಉದ್ದನೆಯ ನೆಲ ಇದೆಯಲ್ಲ, ಅದರ ತುದಿಯ ಹತ್ತಿರ ಹುಡುಕಿ. ನೀರಿನಲ್ಲಿರುವವನ ಹೆಸರು ಡೇವಿಡ್. ಹಾಗಾಗಿ ಚಿತ್ರಕ್ಕೆ 'ಡೇವಿಡ್ ಮತ್ತು ಗೊಲ್ಯಾತ' ಎಂದು ಹೆಸರಿಟ್ಟರು. ಬೈಬಲ್ಲಿನಲ್ಲಿ ಕವಣೆ ಹಿಡಿದ ಹುಡುಗ ದಾವೀದ ದೈತ್ಯ ಗೊಲ್ಯಾತನೆದುರು ನಿಂತ ಕಥೆ ಅಜ್ಜ-ಅಜ್ಜಿಯರಿಗೆ ಗೊತ್ತಿರಬಹುದು, ಕೇಳಿ ನೋಡಿ.

ಮೀನಿನ ಹೆಸರು ಟ್ರೆವಲಿ, ಅದರಲ್ಲೂ ದೊಡ್ಡ ಕಣ್ಣಿನ ಜಾತಿ. ನಮ್ಮ ಹಿಂದೂ ಮಹಾಸಾಗರದಲ್ಲೂ ಇದೆ. ಇಷ್ಟೊಂದು ಮೀನು ಒಟ್ಟಿಗೆ ತಿರುಗಿದರೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ನಮ್ಮ ಬಸ್ ನಿಲ್ದಾಣದಲ್ಲಿ ಇಪ್ಪತ್ತು ಜನ ಒಂದು ಬಾಗಿಲಿಗೆ ನುಗ್ಗುವುದನ್ನು ನೋಡಿದವರಿಗೆ ಇದು ಪವಾಡವೇ ಸರಿ! ಮೀನಿಗೆ ಕಣ್ಣು ಎರಡೂ ಪಕ್ಕದಲ್ಲಿವೆ. ಅದಲ್ಲದೆ ಮೈಯುದ್ದಕ್ಕೂ ಪಾರ್ಶ್ವರೇಖೆ ಎಂಬ ಒಂದು ಗೆರೆ ಇದೆ. ಪಕ್ಕದ ಮೀನು ಬಾಲ ಆಡಿಸಿದರೆ ನೀರಿನಲ್ಲೇಳುವ ಸಣ್ಣ ಅಲುಗಾಟ ಆ ಗೆರೆಗೆ ತಿಳಿಯುತ್ತದೆ. ಹಿಂಡಿಗೆ ನಾಯಕನಿಲ್ಲ. ಪ್ರತಿ ಮೀನೂ ತನ್ನ ಅಕ್ಕಪಕ್ಕದವರನ್ನು ಗಮನಿಸುತ್ತದೆ, ಅಷ್ಟೆ. ಆದರೂ ಇಡೀ ಹಿಂಡು ಒಂದೇ ಪ್ರಾಣಿಯಂತೆ ಹೊರಳುತ್ತದೆ.

ಇಂಥ ಹಿಂಡಿನ ಫೋಟೊ ತೆಗೆಯುವುದು ಮದುವೆ ಮನೆಯ ಫೋಟೊ ತೆಗೆದಂತಲ್ಲ. ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ. ಕೊನೆಗೆ ಉಳಿಯುವುದು ನೀಲಿ. ಫ್ಲ್ಯಾಶ್ ಹಾಕೋಣವೆಂದರೆ ಅದರ ಬೆಳಕು ಕೆಲವೇ ಅಡಿ ಹೋಗುತ್ತದೆ, ಹತ್ತಿರದ ಮೀನಿನ ಬೆಳ್ಳಿ ಮೈ ಕನ್ನಡಿಯಂತೆ ಫಳಕ್ಕನೆ ಹೊಳೆದು ಚಿತ್ರ ಕೆಡುತ್ತದೆ. ನೀರಿನಲ್ಲಿ ತೇಲುವ ಕಣಗಳು ಬೇರೆ, ಹಿಮ ಸುರಿದಂತೆ ಬಿಳಿ ಚುಕ್ಕಿಗಳಾಗಿ ಕಾಣುತ್ತವೆ. ಹೀಗಾಗಿ ಗೋಪುರದಂಥ ಹಿಂಡಿಗೆ ಮೇಲಿನಿಂದ ಇಳಿದು ಬರುವ ಬಿಸಿಲೇ ಗತಿ. ದೂರ ನಿಂತರೆ ನೀರು ಮಬ್ಬು. ಅಗಲ ನೋಟದ ಲೆನ್ಸ್ ಹಾಕಿ ಹತ್ತಿರವೇ ಇರಬೇಕು. ಆದರೆ ಬೆನ್ನಟ್ಟಿದರೆ ಹಿಂಡು ಒಡೆಯುತ್ತದೆ. ಸುಮ್ಮನೆ, ನಿಧಾನವಾಗಿ ಉಸಿರಾಡುತ್ತ ಕಾಯಬೇಕು. ಚಿತ್ರದಲ್ಲಿ ಡೇವಿಡ್ ಇರದಿದ್ದರೆ ಹಿಂಡು ಎಷ್ಟು ದೊಡ್ಡದೆಂದು ನಮಗೆ ಹೊಳೆಯುತ್ತಲೇ ಇರಲಿಲ್ಲ, ಅದೂ ನಿಜ.

ನನಗೆ ಚಿತ್ರಕ್ಕಿಂತ ಹೆಚ್ಚು ಹಿಡಿಸಿದ್ದು ಆ ಊರಿನ ಲೆಕ್ಕ. ಅಲ್ಲಿನ ಹಿರಿಯರು ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದವರು, ಆಮೇಲೆ ಮೀನುಗಾರರಾದವರು. ವರ್ಷ ಕಳೆದಂತೆ ಬಲೆಗೆ ಬೀಳುವ ಮೀನು ಕಡಿಮೆಯಾಯಿತು, ದೋಣಿ ಇನ್ನೂ ದೂರ ಹೋಗಬೇಕಾಯಿತು. ಊರಿನವರೇ ಮುಂದೆ ನಿಂತು ಸರ್ಕಾರವನ್ನು ಕೇಳಿದರು. 1995ರಲ್ಲಿ ಸುಮಾರು 71 ಚದರ ಕಿಲೋಮೀಟರ್ ಕಡಲು ರಾಷ್ಟ್ರೀಯ ಉದ್ಯಾನವಾಯಿತು. ಕಾನೂನು ಮೀನುಗಾರಿಕೆಯನ್ನು ನಿಲ್ಲಿಸಿದ್ದು ಅದರ ಒಂದು ಭಾಗದಲ್ಲಿ ಮಾತ್ರ. ಊರಿನವರು ಉಳಿದ ಕಡೆಯೂ ಬಲೆ ಬಿಡದೆ ತಾವೇ ಕಾವಲು ಕಾದರು. ತಲೆತಲಾಂತರದ ಅನ್ನವನ್ನು ಕೈಯಾರೆ ಬಿಡುವುದೆಂದರೆ ಸುಮ್ಮನೆ ಮಾತಲ್ಲ. ನಾಳೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆಗೆ ಆಗ ಅಲ್ಲಿ ಯಾರ ಬಳಿಯೂ ಖಚಿತ ಉತ್ತರ ಇದ್ದಿರಲಾರದು.

1999ರಲ್ಲಿ ಅಬುರ್ಟೊ ಮತ್ತು ಅವರ ಜೊತೆಗಾರರು ಅಲ್ಲಿನ ಮೀನುಗಳನ್ನು ಎಣಿಸಿ ತೂಕ ಅಂದಾಜು ಮಾಡಿದಾಗ ಹೆಕ್ಟೇರಿಗೆ ಮುಕ್ಕಾಲು ಟನ್ ಇತ್ತು. 2009ರಲ್ಲಿ ನಾಲ್ಕು ಟನ್ ದಾಟಿತ್ತು. ಶೇಕಡಾ 463ರಷ್ಟು ಏರಿಕೆ!

ಲೆಡ್ಜರ್ ಬರೆದ ಕೈ ನನ್ನದು, ಅಂಕಿ ಕಂಡರೆ ಸುಮ್ಮನಿರದು. ಶೇಕಡಾ 463 ಏರಿಕೆ ಎಂದರೆ 100 ರೂಪಾಯಿ ಹತ್ತು ವರ್ಷದಲ್ಲಿ 563 ಆದಂತೆ. ಚಕ್ರಬಡ್ಡಿ ಹಾಕಿ ನೋಡಿದೆ, ವರ್ಷಕ್ಕೆ ಶೇಕಡಾ 19ರ ಆಸುಪಾಸು ಬರುತ್ತದೆ. ಪ್ರತಿ ನಾಲ್ಕು ವರ್ಷಕ್ಕೆ ಇಮ್ಮಡಿ. ನಾನು ಕೌಂಟರಿನಲ್ಲಿ ಕೂತಿದ್ದಷ್ಟು ಕಾಲವೂ ಯಾವ ಠೇವಣಿಗೂ ಇಷ್ಟು ಬಡ್ಡಿ ಬರೆದದ್ದಿಲ್ಲ. ದೊಡ್ಡ ತರಗತಿಯವರು ಪೆನ್ಸಿಲ್ ಹಿಡಿದು ಲೆಕ್ಕ ತಾಳೆ ನೋಡಬಹುದು. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡಲು ಕೊಟ್ಟ ಬಿಡುವು ಅದು. ಆದರೆ ಎರಡು ತಿಂಗಳ ಬಿಡುವು ಬೇರೆ, ಹತ್ತಾರು ವರ್ಷದ್ದು ಬೇರೆ.

ಕಾಬೊ ಪುಲ್ಮೊದಲ್ಲಿ ಈಗ ಮೀನು ನೋಡಲು ಬರುವವರನ್ನು ದೋಣಿಯಲ್ಲಿ ಕರೆದೊಯ್ಯುವುದೇ ಊರಿನವರ ಮುಖ್ಯ ಕೆಲಸ. ಆ ಗೋಪುರ ಕಟ್ಟುವ ಟ್ರೆವಲಿಗಳು ಸೇರುವುದು ಸಂತಾನಕ್ಕಾಗಿ. ಜೊತೆ ಸಿಕ್ಕಾಗ ಗಂಡು ಮೀನಿನ ಬೆಳ್ಳಿ ಮೈ ಕಪ್ಪಾಗುತ್ತದೆ; ಒಂದು ಕಪ್ಪು, ಒಂದು ಬೆಳ್ಳಿ, ಜೊತೆಜೊತೆಯಾಗಿ ಹಿಂಡಿನಿಂದ ಹೊರಬಂದು ಈಜುತ್ತವೆ. ಇಂಥ ಚಿತ್ರ ಸಿಕ್ಕಿದರೆ ಕಪ್ಪು ಮೀನು ಎಷ್ಟಿವೆ ಎಂದು ಎಣಿಸಿ ನೋಡಿ.