ಕಮಾನು ನಿಂತರೂ ನಾದ ನಿಲ್ಲದು

ಲಂಡನ್ನಿನ ಟ್ರಫಾಲ್ಗರ್ ಚೌಕದ ಪಕ್ಕದಲ್ಲಿ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್ ಎಂಬ ಹಳೆಯ ಚರ್ಚ್ ಇದೆ. ಜೇಮ್ಸ್ ಗಿಬ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ ಪೂರ್ಣಗೊಂಡದ್ದು 1726ರಲ್ಲಿ. 1959ರ ನವೆಂಬರ್ 13ರಂದು ಪಿಟೀಲು ವಾದಕ ನೆವಿಲ್ ಮ್ಯಾರಿನರ್ ಅವರ ಪುಟ್ಟ ತಂತಿವಾದ್ಯ ತಂಡ ಇಲ್ಲಿ ಮೊದಲ ಕಛೇರಿ ನಡೆಸಿತು. ಚರ್ಚಿನ ಹೆಸರನ್ನೇ ಇಟ್ಟುಕೊಂಡ ಆ ತಂಡ ಮುಂದೆ ಜಗತ್ಪ್ರಸಿದ್ಧವಾಯಿತು. ಆರಂಭದಲ್ಲಿ ಎದುರು ನಿಂತು ಕೈಸನ್ನೆ ಮಾಡುವ ನಿರ್ದೇಶಕರು ಇರಲಿಲ್ಲ. ವಾದಕರು ಒಬ್ಬರಿಗೊಬ್ಬರು ಕಿವಿಗೊಟ್ಟೇ ನುಡಿಸುತ್ತಿದ್ದರು. ಚರ್ಚಿನಲ್ಲಿ ನುಡಿಸುವವರು ಕಟ್ಟಡಕ್ಕೂ ಕಿವಿಗೊಡಬೇಕು! ಏಕೆ?

ತಂತಿಯಿಂದ ಹೊರಟ ನಾದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಪಾಲು ನೇರವಾಗಿ ಕಿವಿಗೆ ಬರುತ್ತದೆ. ಉಳಿದದ್ದು ಗೋಡೆ, ಕಂಬ, ಚಾವಣಿಗಳಿಗೆ ಬಡಿದು, ಪುಟಿದು, ತುಸು ತಡವಾಗಿ ಬಂದು ಸೇರುತ್ತದೆ. ಆದ್ದರಿಂದಲೇ ಕಮಾನು ನಿಂತ ಮೇಲೂ ನಾದ ತೇಲುತ್ತಿರುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ನಿಧಾನವಾದ ಸ್ವರಗಳಿಗೆ ಇದು ಮೆರುಗು ಕೊಡುತ್ತದೆ. ವೇಗದ ಸ್ವರಗಳಲ್ಲಾದರೋ, ಹಿಂದಿನದು ಅಡಗುವ ಮೊದಲೇ ಮುಂದಿನದು ಬಂದು ಎಲ್ಲವೂ ಕಲಸುಮೇಲೋಗರ! ಆಗ ವಾದಕರು ವೇಗ ತಗ್ಗಿಸಬೇಕು, ಇಲ್ಲವೇ ಸ್ವರಗಳನ್ನು ಬಿಡಿಸಿ ನುಡಿಸಬೇಕು.

ಇದರ ಲೆಕ್ಕ ಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್. ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳಷ್ಟು ಕಾಲ ಉಳಿದು, ಏನೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಸಬೀನ್ ಅವರಿಗೆ ಬಂತು. ಅವರು ರಾತ್ರಿಯ ವೇಳೆ ನಾಟಕಶಾಲೆಯೊಂದರ ಆಸನದ ಮೆತ್ತೆಗಳನ್ನು ತಂದು ಜೋಡಿಸುತ್ತ, ನಾದ ಅಡಗುವ ಸಮಯವನ್ನು ಅಳೆದರು. ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು. ನಾದ ಹೀರುವ ವಸ್ತುಗಳು ಹೆಚ್ಚಿದಷ್ಟೂ ಕಡಿಮೆ. ಇದು ಅವರು ಕಂಡುಕೊಂಡ ನಿಯಮ.

ಮನುಷ್ಯರೂ, ಅವರು ತೊಟ್ಟ ಬಟ್ಟೆಗಳೂ ಚೆನ್ನಾಗಿಯೇ ನಾದ ಹೀರುತ್ತವೆ! ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಅಭ್ಯಾಸ ಮಾಡಿದ ತಂಡಕ್ಕೆ, ಸಂಜೆ ಜನ ತುಂಬಿದಾಗ ಅದೇ ಕಟ್ಟಡ ಬೇರೆಯಾಗಿ ಕೇಳಿಸುತ್ತದೆ. ಸುಮ್ಮನೆ ಕುಳಿತ ಶ್ರೋತೃಗಳೂ ಕಛೇರಿಯಲ್ಲಿ ಪಾಲುದಾರರೇ.

ಈ ನಿಯಮ ನಿಮ್ಮ ತರಗತಿಗೂ ಅನ್ವಯಿಸುತ್ತದೆ. ಬೋಳು ಗೋಡೆ, ಕಾಂಕ್ರೀಟ್ ಚಾವಣಿಯ ಕೊಠಡಿಯಲ್ಲಿ ಪಾಠದ ಪದಗಳು ಒಂದರ ಮೇಲೊಂದು ಬೀಳುತ್ತವೆ. ಹಿಂದಿನ ಬೆಂಚಿನ ಮಗು ತಪ್ಪು ಬರೆದುಕೊಂಡರೆ ಅದು ಯಾವಾಗಲೂ ಗಮನದ ಕೊರತೆಯಲ್ಲ. ಖಾಲಿ ಕೊಠಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಶಬ್ದ ಗುಂಯ್‌ಗುಟ್ಟಿದರೆ ಗೋಡೆಗೆ ದಪ್ಪ ಬಟ್ಟೆಯ ಪರದೆಗಳನ್ನು ತೂಗುಹಾಕಿ, ಮತ್ತೆ ತಟ್ಟಿ ನೋಡಿ.