ಸಾಲ ಅಧ್ಯಕ್ಷರದ್ದು, ಕಟ್ಟಿದ್ದು ಯಾರು?

(1)
ಕಳೆದ ವಾರ ನಿಮ್ಮಲ್ಲಿ ಮೂರು ಜನ ಒಂದೇ ರೀಲ್ ಕಳಿಸಿದ್ರಿ. ಅಮೆರಿಕದ ಮೊದಲ ಅಧ್ಯಕ್ಷರೆಲ್ಲ ದೇಶಕ್ಕೋಸ್ಕರ ಆಸ್ತಿ ಕಳ್ಕೊಂಡು ಸಾಲದಲ್ಲೇ ಸತ್ತರಂತೆ. ಹಿನ್ನೆಲೆಯಲ್ಲಿ ಕೊಳಲು, ಕೊನೆಗೆ ಇವತ್ತಿನ ರಾಜಕಾರಣಿಗಳಿಗೆ ಒಂದು ಬೈಗುಳ. ಸುಳ್ಳು ಯಾಕೆ ಹೇಳ್ಲಿ, ನಾನೂ ಲೈಕ್ ಒತ್ತಿದ್ದೆ. ಆಮೇಲೆ ಬಿಕಾಂ ಬುದ್ಧಿ ಸುಮ್ನಿರಲಿಲ್ಲ. ಸಾಲ ಇತ್ತು ಅಂದ್ಮೇಲೆ ಅದನ್ನ ಯಾರೋ ಕಟ್ಟಿರಲೇಬೇಕಲ್ವಾ? ಆ ಎಂಟ್ರಿ ಎಲ್ಲಿ? ಎರಡೂ ಕಡೆ ಟ್ಯಾಲಿ ಆಗದ ಲೆಕ್ಕಾನ ನಮ್ಮ ಮೇಡಂ ಒಪ್ಪಲ್ಲ, ನಾನ್ಯಾಕೆ ಒಪ್ಪಲಿ ಅಂತ ಓದೋಕೆ ಕೂತೆ. ಇದು ಉದ್ದ ಇದೆ, ಕ್ಯಾಂಟೀನಲ್ಲಿ ಕೂತು ಓದಿ.

(2)
ಮೊದಲು ಜಾರ್ಜ್ ವಾಷಿಂಗ್ಟನ್. ಬ್ರಿಟಿಷರ ವಿರುದ್ಧ ನಡೆದ ಯುದ್ಧದಲ್ಲಿ ಸೇನಾಪತಿಯಾಗಿದ್ದಾಗ ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಅಂದವರು. ಎಂಟು ವರ್ಷ ಬಿಲ್ ಬರೆದಿಟ್ಟು 1783ರಲ್ಲಿ ಲೆಕ್ಕ ಒಪ್ಪಿಸಿದರು. 1789ರಲ್ಲಿ ಅಧ್ಯಕ್ಷರಾದಾಗಲೂ ಅದೇ ಮಾತು. ಈ ಸಲ ಅಲ್ಲಿನ ಸಂಸತ್ತು ಕೇಳಲಿಲ್ಲ, ವರ್ಷಕ್ಕೆ 25,000 ಡಾಲರ್ ಸಂಬಳ ಅಂತ ಗೊತ್ತು ಮಾಡಿತು. (ಖರ್ಚಿನ ಮೇಲೆ ಮಿತಿ ಇಲ್ಲದಿದ್ದರೆ ಸಂಬಳಕ್ಕಿಂತ ಅದೇ ಲಾಭ ಅಂತ ನನ್ನ ಬೆಂಚ್‌ಮೇಟ್ ಹೇಳ್ತಾನೆ. ಇರಬಹುದು.)

ಆದರೆ ಪ್ರಮಾಣವಚನಕ್ಕೆ ನ್ಯೂಯಾರ್ಕ್‌ಗೆ ಹೋಗೋಕೆ ಈ ಮಹಾನುಭಾವರ ಕೈಲಿ ಕಾಸಿರಲಿಲ್ಲ! ಸಾವಿರಾರು ಎಕರೆ ಜಮೀನು ಇತ್ತು, ನಗದು ಇರಲಿಲ್ಲ. ಪಕ್ಕದ ಊರಿನ ಒಬ್ಬರ ಹತ್ತಿರ 500 ಪೌಂಡ್ ಕೈಸಾಲ, ಆಮೇಲೆ ದಾರಿಖರ್ಚಿಗೆ ಅಂತ ಇನ್ನೊಂದು 100. ಆಸ್ತಿ ಇದೆ, ಲಿಕ್ವಿಡಿಟಿ ಇಲ್ಲ. ಎರಡನೇ ಸೆಮ್‌ನಲ್ಲಿ ನಾವು ಬಾಯಿಪಾಠ ಮಾಡಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಎರಡನೆಯವರು ಜಾನ್ ಆಡಮ್ಸ್. ಇವರು ಹಣ ಇಟ್ಟಿದ್ದ ಲಂಡನ್ನಿನ ಬ್ಯಾಂಕು 1803ರಲ್ಲಿ ಮುಳುಗಿತು. ಮಗ ಜಾನ್ ಕ್ವಿನ್ಸಿ ಕೈಹಿಡಿದ, ಮನೆ ಉಳೀತು. ಇವರ ಬಗ್ಗೆ ಇಷ್ಟೇ. ಆದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ: ಮೊದಲ ಐದು ಜನರಲ್ಲಿ ಗುಲಾಮರನ್ನ ಇಟ್ಟುಕೊಳ್ಳದವರು ಇವರೊಬ್ಬರೇ.

(3)
ಈಗ ಥಾಮಸ್ ಜೆಫರ್ಸನ್. ನಾನು ಸಿಕ್ಕಿಬಿದ್ದಿದ್ದು ಇಲ್ಲಿ.

ಮನುಷ್ಯರೆಲ್ಲ ಸಮಾನರು ಅಂತ 1776ರ ಘೋಷಣೆಯಲ್ಲಿ ಬರೆದವರು ಇವರೇ. ಮೂರನೇ ಅಧ್ಯಕ್ಷರು, 1801ರಿಂದ 1809ರವರೆಗೆ. ಅರವತ್ತು ವರ್ಷದ ಹತ್ತಿರ ದಿನಾ ಖರ್ಚು ಬರೆದಿಟ್ಟವರು. ಆದರೆ ಆ ಪುಸ್ತಕದಲ್ಲಿ ಒಟ್ಟು ಎಷ್ಟು ಬಂತು, ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಕೂಡಿ ಕಳೆದು ನೋಡೋ ಅಭ್ಯಾಸವೇ ಇರಲಿಲ್ಲ. ನಮ್ಮಲ್ಲೂ ಇದ್ದಾರಲ್ಲ, ಫೋನಲ್ಲಿ ಖರ್ಚಿನ ಆ್ಯಪ್ ಹಾಕ್ಕೊಂಡು ತಿಂಗಳ ಕೊನೆಗೆ ಅಮ್ಮನಿಗೆ ಫೋನ್ ಮಾಡೋರು, ಆ ಥರ. ಅಧ್ಯಕ್ಷರಾಗಿದ್ದ ಎಂಟು ವರ್ಷದಲ್ಲಿ ವೈನ್ ಒಂದಕ್ಕೇ ಹತ್ತು ಸಾವಿರ ಡಾಲರ್‌ಗಿಂತ ಹೆಚ್ಚು ಹೋಗಿದೆ. ಮಾವ ತೀರಿಕೊಂಡಾಗ ಜಮೀನಿನ ಜೊತೆ ಬಂದ ಹಳೇ ಸಾಲ ಬೇರೆ ಇತ್ತು. 1815ರಲ್ಲಿ ತಮ್ಮ 6,487 ಪುಸ್ತಕಗಳನ್ನ ಸಂಸತ್ತಿಗೆ 23,950 ಡಾಲರ್‌ಗೆ ಮಾರಿದರು. ಸಾಲ ಸ್ವಲ್ಪ ಇಳೀತು. ಆಮೇಲೆ ಮತ್ತೆ ಪುಸ್ತಕ ಕೊಳ್ಳೋಕೆ ಶುರು!

ಅದಾದ ಮೇಲೆ 1818. ವಿಲ್ಸನ್ ಕ್ಯಾರಿ ನಿಕೋಲಸ್ ಅಂತ ಒಬ್ಬರು, ವರ್ಜೀನಿಯಾದ ಮಾಜಿ ಗವರ್ನರ್. ಅದಕ್ಕಿಂತ ಮುಖ್ಯವಾಗಿ ಜೆಫರ್ಸನ್ ಮೊಮ್ಮಗನ ಹೆಂಡತಿಯ ಅಪ್ಪ, ಅಂದ್ರೆ ಬೀಗರು. ಬ್ಯಾಂಕ್ ಸಾಲದ 20,000 ಡಾಲರ್‌ಗೆ ಶ್ಯೂರಿಟಿ ಹಾಕಿ ಅಂದರು. ಬೀಗರಿಗೆ ಇಲ್ಲ ಅನ್ನೋಕಾಗತ್ತಾ? ಸಹಿ ಹಾಕಿದರು. 1819ರಲ್ಲಿ ಇಡೀ ದೇಶದ ಬ್ಯಾಂಕಿಂಗ್ ಕುಸಿದು ಬಿತ್ತು. ಬೀಗರು ದಿವಾಳಿ, ಮರುವರ್ಷ ತೀರಿಕೊಂಡೂಬಿಟ್ಟರು. ಸಾಲ ಜೆಫರ್ಸನ್ ತಲೆ ಮೇಲೆ.

(4)
ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯಾಕಂದ್ರೆ ಇದು ನಮ್ಮ ಮನೆ ಕಥೆ.

ನಾನು ಹತ್ತನೇ ಕ್ಲಾಸಲ್ಲಿದ್ದಾಗ ಅಪ್ಪ ಒಬ್ಬ ಸ್ನೇಹಿತರಿಗೆ ಶ್ಯೂರಿಟಿ ಹಾಕಿದ್ರು. ಅವರು ಕಂತು ನಿಲ್ಲಿಸಿದ್ರು, ಆಮೇಲೆ ಊರೇ ಬಿಟ್ಟರು. ನೋಟಿಸ್ ಬಂದಿದ್ದು ನಮ್ಮ ಮನೆಗೆ. ಕಾಲೇಜಲ್ಲಿ "ಕಂಟಿಂಜೆಂಟ್ ಲಯಬಿಲಿಟಿ ಬ್ಯಾಲೆನ್ಸ್ ಶೀಟ್ ಒಳಗೆ ಬರಲ್ಲ, ಕೆಳಗೆ ನೋಟ್‌ನಲ್ಲಿ ಬರತ್ತೆ" ಅಂತ ಹೇಳಿಕೊಟ್ಟಾಗ ಎಲ್ಲರೂ ಬರ್ಕೊಂಡ್ರು. ನನಗೆ ಬರ್ಕೊಳ್ಳೋ ಅಗತ್ಯ ಇರಲಿಲ್ಲ. ಆ ನೋಟ್ ಯಾವತ್ತು ಮೇಲೆ ಹತ್ತಿ ಬರತ್ತೆ ಅಂತ ನೋಡಿದೀನಿ.

ಹಾಗಾಗಿ ಜೆಫರ್ಸನ್ ಮೇಲೆ ನನಗೆ ನಿಜವಾಗಲೂ ಕನಿಕರ ಬಂತು. ವಯಸ್ಸು ಎಂಬತ್ತರ ಹತ್ತಿರ, ಯಾರದೋ ಸಾಲ. ಮುಂದಿನ ಅಧ್ಯಾಯ ಓದೋವರೆಗೂ ಆ ಕನಿಕರ ಇತ್ತು.

(5)
1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡರು. (ಅದೇ ದಿನ ಆಡಮ್ಸ್ ಕೂಡ. ಐದು ವರ್ಷ ಬಿಟ್ಟು ಅದೇ ತಾರೀಕು ಐದನೇ ಅಧ್ಯಕ್ಷ ಮನ್ರೋ. ಕ್ವಿಜ್‌ನವರಿಗೆ ಹಬ್ಬ.) ಉಳಿದ ಸಾಲ ಒಂದು ಲಕ್ಷ ಡಾಲರ್ ದಾಟಿತ್ತು, ಅಂದ್ರೆ ಅಧ್ಯಕ್ಷರ ನಾಲ್ಕು ವರ್ಷದ ಸಂಬಳಕ್ಕಿಂತ ಜಾಸ್ತಿ.

1827ರ ಜನವರಿಯಲ್ಲಿ ಅವರ ಮಾಂಟಿಸೆಲೊ ಮನೆಯಲ್ಲಿ ಹರಾಜು. ಜಾಹೀರಾತಿನಲ್ಲಿ ಕುರ್ಚಿ, ಮೇಜು, ದನಕರುಗಳ ಜೊತೆ 130 ಮಂದಿ ಗುಲಾಮರು. ಕಟ್ಟಿದ್ದು ಯಾರು ಅಂತ ಕೇಳಿದ್ನಲ್ಲ, ಉತ್ತರ ಇದು.

ಜೋ ಫಾಸೆಟ್ ಅಂತ ಅಲ್ಲಿ ಒಬ್ಬ ಕಮ್ಮಾರ. ಹೆಂಡತಿ ಎಡಿತ್. ಅಧ್ಯಕ್ಷರ ಮನೆಯಲ್ಲೇ ಫ್ರೆಂಚ್ ಅಡುಗೆ ಕಲಿತು, ಅಲ್ಲಿನ ದೊಡ್ಡ ದೊಡ್ಡ ಔತಣಗಳಿಗೆ ಬೇಯಿಸಿ ಹಾಕಿದವಳು. ಜೆಫರ್ಸನ್ ಉಯಿಲಿನಲ್ಲಿ ಐದು ಜನಕ್ಕೆ ಬಿಡುಗಡೆ ಬರೆದಿದ್ದರು, ಅದರಲ್ಲಿ ಜೋ ಒಬ್ಬ. ಅವನ ಬಿಡುಗಡೆ ಜಾರಿಗೆ ಬರಬೇಕಿದ್ದದ್ದು ಒಂದು ವರ್ಷದ ನಂತರ, 1827ರ ಜುಲೈಗೆ. ಹರಾಜು ಅದಕ್ಕೆ ಆರು ತಿಂಗಳ ಮೊದಲೇ ಆಯ್ತು. ಹೆಂಡತಿ ಮಕ್ಕಳು ಬೇರೆ ಬೇರೆಯವರ ಪಾಲಾಗೋದನ್ನ ನಿಂತು ನೋಡಿದ. ಮಗ ಪೀಟರ್‌ಗೆ ಆಗ 11 ವರ್ಷ.

ಅಷ್ಟೇ ಅಲ್ಲ. 1792ರ ಸುಮಾರಿಗೆ ಜೆಫರ್ಸನ್ ಬರೆದ ಒಂದು ಲೆಕ್ಕ ಇದೆ. ತೋಟದ ಲಾಭ ಎಣಿಸುವಾಗ, ಗುಲಾಮರಿಗೆ ಹುಟ್ಟುವ ಮಕ್ಕಳಿಂದ ವರ್ಷಕ್ಕೆ ಶೇಕಡಾ 4ರಷ್ಟು ಹೆಚ್ಚಳ ಅಂತ ಹಿಡಿದಿದ್ದಾರೆ. ಕೂಸು ಹುಟ್ಟಿದರೆ ರಿಟರ್ನ್. ಒಟ್ಟು ಕೂಡಿ ನೋಡದ ಮನುಷ್ಯ ಇದನ್ನ ಮಾತ್ರ ಸರಿಯಾಗಿ ಕೂಡಿದ್ದ. ಇನ್ಮೇಲೆ ಇವರಿಗೆ ಬಹುವಚನ ಹಾಕೋಕೆ ಕೈ ಬರ್ತಿಲ್ಲ, ಕ್ಷಮಿಸಿ.

ನಮ್ಮಪ್ಪ ಸಾಲ ತೀರಿಸಿದ್ದು ಅವರ ಸಂಬಳದಿಂದ, ಅಮ್ಮನ ಎರಡು ಬಳೆಯಿಂದ. ಬಳೆ ಮಾರುವಾಗ ಅಮ್ಮನ್ನ ಯಾರಾದ್ರೂ ಸರಿಯಾಗಿ ಕೇಳಿದ್ರಾ ಅಂತ ಇದನ್ನ ಬರೆಯೋವಾಗ ಮೊದಲ ಸಲ ಅನ್ನಿಸ್ತು. ಮೊನ್ನೆ ಕೇಳಿದೆ. "ಈಗ ಯಾಕೆ ಅದೆಲ್ಲ, ಊಟ ಮಾಡು" ಅಂದ್ರು.

(6)
ನಾಲ್ಕನೆಯವರು ಜೇಮ್ಸ್ ಮ್ಯಾಡಿಸನ್. ಹೆಂಡತಿಯ ಮೊದಲ ಮದುವೆಯ ಮಗ ಜೂಜುಕೋರ, ಅವನ ಸಾಲ ತೀರಿಸಿ ತೀರಿಸಿ ಸುಸ್ತಾದವರು. 1836ರಲ್ಲಿ ತೀರಿಕೊಂಡರು. ಹೆಂಡತಿ ಡಾಲಿ 1844ರಲ್ಲಿ ತೋಟ ಮಾರಿದರು, ಮನೆಯ ಆಳುಗಳನ್ನೂ ಮಾರಿದರು. ಅದರಲ್ಲಿ ಪಾಲ್ ಜೆನ್ನಿಂಗ್ಸ್ ಒಬ್ಬ, ಮ್ಯಾಡಿಸನ್ ಕೊನೆಯುಸಿರು ಎಳೆಯುವಾಗ ಪಕ್ಕದಲ್ಲೇ ಇದ್ದ ಸೇವಕ. 1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಅವನನ್ನ ಬಿಡಿಸಿದ. ಅದನ್ನೂ ಪಾಲ್ ತಿಂಗಳಿಗೆ 8 ಡಾಲರ್‌ನಂತೆ ದುಡಿದು ತೀರಿಸಬೇಕಿತ್ತು. ತನ್ನನ್ನ ತಾನೇ ಇಎಂಐನಲ್ಲಿ ಕೊಂಡ್ಕೊಂಡ ಹಾಗೆ. ಆಮೇಲೆ ಡಾಲಿಗೆ ಊಟಕ್ಕೂ ಕಷ್ಟ ಆದಾಗ ಅವರ ಕೈಗೆ ಚಿಲ್ಲರೆ ಹಣ ಕೊಟ್ಟಿದ್ದು ಕೂಡ ಇದೇ ಪಾಲ್. 1865ರಲ್ಲಿ ಅವನೇ ಬರೆದ ನೆನಪಿನ ಪುಸ್ತಕದಲ್ಲಿ ಇದಿದೆ.

ಮನ್ರೋ 1825ರಲ್ಲಿ ಅಧಿಕಾರ ಬಿಟ್ಟಾಗ ಸಾಲ ಸುಮಾರು 75,000 ಡಾಲರ್. ಹಳೇ ಸರ್ಕಾರಿ ಖರ್ಚು ವಾಪಸ್ ಕೊಡಿ ಅಂತ ವರ್ಷಗಟ್ಟಲೆ ಸಂಸತ್ತಿಗೆ ಅರ್ಜಿ ಹಾಕಿದರು. ಈ ಮಧ್ಯೆ ತೋಟ ಮಾರಿದರು, ಅಲ್ಲಿದ್ದ ಗುಲಾಮರನ್ನ ದೂರದ ಫ್ಲಾರಿಡಾಗೆ ಮಾರಿದರು.

"ಪಿಂಚಣಿ ಇರಲಿಲ್ಲ ಕಣೇ, ಏನ್ ಮಾಡ್ತಿದ್ರು?" ಅಂತ ಒಬ್ಬಳು ಮೆಸೇಜ್ ಮಾಡಿದ್ದಾಳೆ. ನಿಜ, ಮಾಜಿ ಅಧ್ಯಕ್ಷರ ಪಿಂಚಣಿ ಕಾನೂನು ಬಂದಿದ್ದು 1958ರಲ್ಲಿ. ನೋಡೋಕೆ ಬಂದ ಅತಿಥಿಗಳಿಗೆಲ್ಲ ಸ್ವಂತ ಖರ್ಚಲ್ಲಿ ಊಟ ಹಾಕಬೇಕಿತ್ತು, ತಂಬಾಕು ಬೆಳೆದು ಬೆಳೆದು ಮಣ್ಣೂ ಸೋತಿತ್ತು. ಎಲ್ಲ ಒಪ್ತೀನಿ. ಬಿಡಿಸೋಕೆ ದಾರಿ ಇರಲೇ ಇಲ್ಲ ಅನ್ನೋದನ್ನ ಮಾತ್ರ ಒಪ್ಪಲ್ಲ. ವಾಷಿಂಗ್ಟನ್ 1799ರ ಉಯಿಲಿನಲ್ಲಿ ತನ್ನ ಹೆಸರಿನಲ್ಲಿದ್ದ 123 ಜನಕ್ಕೆ ಬಿಡುಗಡೆ ಬರೆದರು, ಹೆಂಡತಿ ಮಾರ್ತಾ 1801ರ ಜನವರಿ 1ಕ್ಕೆ ಅದನ್ನ ಜಾರಿ ಮಾಡಿದರು. ಅವರನ್ನ ತೀರಾ ದೇವರು ಮಾಡಬೇಡಿ. ಅದೇ ವಾಷಿಂಗ್ಟನ್, ಆರು ತಿಂಗಳು ಫಿಲಡೆಲ್ಫಿಯಾದಲ್ಲಿದ್ದರೆ ಗುಲಾಮರಿಗೆ ಬಿಡುಗಡೆ ಸಿಗೋ ಕಾನೂನಿದೆ ಅಂತ, ಅವಧಿ ಮುಗಿಯೋ ಮೊದಲೇ ಅವರನ್ನ ಗುಟ್ಟಾಗಿ ಹೊರಗೆ ಕಳಿಸಿ ಮತ್ತೆ ಕರೆಸಿಕೊಳ್ತಿದ್ದರು. ಮಾರ್ತಾ ಮೊದಲ ಗಂಡನ ಕಡೆಯಿಂದ ಬಂದ 153 ಜನ ಕಾನೂನಿನ ಪ್ರಕಾರ ಗುಲಾಮರಾಗೇ ಉಳಿದರು. ಆದರೂ ಅವರು ತಮ್ಮ ಹೆಸರಿನಲ್ಲಿದ್ದವರಿಗೆ ಮಾಡಿದರು, ಉಳಿದ ಮೂವರು ಮಾಡಲಿಲ್ಲ.

ಅದಕ್ಕೇ ರೀಲ್ ಮಾಡಿದವರ ಹತ್ತಿರ ನನ್ನ ತಕರಾರು. ಸಾಲದಲ್ಲಿ ಸತ್ತಿದ್ದು ತ್ಯಾಗಕ್ಕೆ ಸಾಕ್ಷಿ ಅಲ್ಲ. ಎಡಗಡೆ ಕಾಲಂ ತೋರಿಸಿ ಬಲಗಡೆ ಮುಚ್ಚಿಟ್ಟರೆ ಅದು ಲೆಕ್ಕಾನೂ ಅಲ್ಲ.

ಪೀಟರ್ ಫಾಸೆಟ್ ಏನಾದ ಅಂತ ಹೇಳಲಿಲ್ಲ ಅಲ್ವಾ. ಅಪ್ಪ ಜೋ ಕೊಂಡುಕೊಂಡು ಬಿಡಿಸೋಕೆ ನೋಡಿದ, ಯಜಮಾನ ಒಪ್ಪಲಿಲ್ಲ. 1850ರಲ್ಲಿ ಇನ್ನೊಂದು ಹರಾಜು. ಕೊನೆಗೆ ಮನೆಯವರು ಸೇರಿ ಬಿಡಿಸಿದರು. ಸಿನ್ಸಿನಾಟಿಗೆ ಹೋಗಿ ಅಮ್ಮನ ಹಾಗೇ ಅಡುಗೆ ಕಸುಬು ಹಿಡಿದರು, ಚರ್ಚಿನ ಪಾದ್ರಿಯೂ ಆದರು. 1900ರಲ್ಲಿ, ಸುಮಾರು 85ರ ವಯಸ್ಸಿನಲ್ಲಿ, ಮಾಂಟಿಸೆಲೊ ಮನೆಯನ್ನ ಇನ್ನೊಮ್ಮೆ ನೋಡಬೇಕು ಅಂತ ಅಲ್ಲಿಗೆ ಹೋಗಿ ಬಂದರು.

ಆ ರೀಲ್‌ನ ಲೈಕ್ ತೆಗೆದಿದ್ದೀನಿ. ಕಳಿಸಿದ ಮೂವರಿಗೂ ಪ್ರೀತಿಯಿಂದಲೇ ಹೇಳ್ತಿದ್ದೀನಿ, ಬ್ಲಾಕ್ ಮಾಡಬೇಡಿ.